ನೆರಳಿನ ಹಕ್ಕಿಯನ್ನು ನೆರಳಲ್ಲೇ ತೋರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುವ ಓದುಗರ ಹಕ್ಕಿ ಫೋಟೋಗಳನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುವವನು ನಾನು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಈಚೆಗೆ ಪೊದೆಯೊಳಗೆ, ಮರದ ಬುಡದಲ್ಲಿ, ಮಂಜಿನಲ್ಲಿ ತೆಗೆದ ಹಕ್ಕಿಗಳೂ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕೂತ ಹಾಗೆ ಹೊಳೆಯುತ್ತಿವೆ. ನೋಡಿದರೆ ಬೇಜಾರಾಗುತ್ತದೆ.

ನನ್ನದು ಚಿಕ್ಕಬಳ್ಳಾಪುರ. ಚಳಿಗಾಲ ಬಂತೆಂದರೆ ನಂದಿಬೆಟ್ಟಕ್ಕೆ ಹೋಗುತ್ತೇನೆ, ಅದೂ ವಾರದ ದಿನ, ಜನ ಕಡಿಮೆ ಇರುವಾಗ. 1,478 ಮೀಟರ್ ಎತ್ತರ. ದೊಡ್ಡ ಮರಗಳು, ಕೊಂಬೆಗೆಲ್ಲ ಪಾಚಿ, ಮೇಲಿಂದ ಮಂಜು. ಏಳು ಗಂಟೆಯಾದರೂ ಮರದ ಕೆಳಗೆ ಇನ್ನೂ ನಸುಗತ್ತಲು. ಇಂಡಿಯನ್ ಬ್ಲೂ ರಾಬಿನ್ ಓಡಾಡುವುದು ಅಲ್ಲೇ. ಹಿಮಾಲಯದಲ್ಲಿ ಮರಿ ಮಾಡಿ, ಚಳಿಗೆ ಅಷ್ಟು ದೂರದಿಂದ ನಮ್ಮ ಕಡೆ ಬರುವ ಪುಟ್ಟ ಹಕ್ಕಿ ಇದು. ಗಂಡಿಗೆ ನೀಲಿ ಬೆನ್ನು, ಕಿತ್ತಳೆ ಎದೆ, ಕಣ್ಣಿನ ಮೇಲೆ ಬಿಳಿ ಹುಬ್ಬು. ತರಗೆಲೆ ಕೆದಕಿ ಹುಳ ಹುಡುಕುತ್ತದೆ, ಎರಡು ಸಲ ಕುಪ್ಪಳಿಸಿ ನಿಲ್ಲುತ್ತದೆ, ಬಾಲ ಅಲ್ಲಾಡಿಸಿ ಮತ್ತೆ ಪೊದೆಗೆ ನುಗ್ಗುತ್ತದೆ. ಬಯಲಿಗೆ ಬರುವುದೇ ಅಪರೂಪ. ಜಾಸ್ತಿ ಹೊತ್ತು ಅದರ ನೀಲಿ ನಮ್ಮ ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ. ಎಲೆ ಸಂದಿಯಿಂದ ಒಂದು ಚೂರು ಬೆಳಕು ಬಿದ್ದರೆ ಮಾತ್ರ ಒಮ್ಮೆ ನೀಲಿಯಾಗಿ ಮಿನುಗಿ ಹೋಗುತ್ತದೆ.

ಇಂಥ ಬೆಳಕಲ್ಲಿ ಫೋಟೋ ತೆಗೆಯುವುದು ಕಷ್ಟ, ಒಪ್ಪುತ್ತೇನೆ. ಹಾರುವ ಹಕ್ಕಿಗೆ ಇಡುವ ಹಾಗೆ ಶಟರ್ ತೆರೆದಿರುವ ಹೊತ್ತನ್ನು 1/1000 ಸೆಕೆಂಡ್ ಇಟ್ಟರೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ, ಅಂದರೆ ಐಎಸ್‌ಒ 6400 ದಾಟುತ್ತದೆ, ಚಿತ್ರದ ತುಂಬಾ ರವೆ ಚೆಲ್ಲಿದ ಹಾಗೆ ಕಾಳು. ಆದರೆ ಈ ಹಕ್ಕಿ ಕುಪ್ಪಳಿಸಿ ನಿಲ್ಲುತ್ತದಲ್ವಾ, ಆ ನಿಲ್ಲುವ ಗಳಿಗೆಗೆ 1/125 ಸಾಕು. ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ, 6400 ಇದ್ದದ್ದು 800ಕ್ಕೆ ಇಳಿಯುತ್ತದೆ. ಕೈ ನಡುಗದ ಹಾಗೆ ನಾನು ರಾಗಿ ತುಂಬಿದ ಬಟ್ಟೆ ಚೀಲವನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಲೆನ್ಸ್ ಊರಿ, ನೆಲಕ್ಕೆ ಮೈ ಚಾಚಿ ಕಾಯುತ್ತೇನೆ. ಇಪ್ಪತ್ತು ತೆಗೆದರೆ ಒಂದು ಸರಿ ಬರುತ್ತದೆ. ಕ್ಯಾಮೆರಾ ತಾನೇ ಕುಗ್ಗಿಸಿ ಕೊಡುವ ಜೆಪೆಗ್ ಬದಲು, ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ರಾ ಫೈಲ್‌ನಲ್ಲಿ ತೆಗೆಯಬೇಕು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16,384. ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಸ್ವಲ್ಪ ಎತ್ತಿದರೂ, ಅಂದರೆ ಬೆಳಗಿಸಿದರೂ, ಬಣ್ಣ ಒಡೆಯುವುದಿಲ್ಲ.

ಸ್ವಲ್ಪ ಎತ್ತುವುದು ತಪ್ಪಲ್ಲ. ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಹೀರಿ ಚಿತ್ರವನ್ನು ಇನ್ನಷ್ಟು ಕಪ್ಪಾಗಿಸುತ್ತದೆ, ಅಚ್ಚಿಗೆ ಅಷ್ಟು ಬೆಳಕು ಬೇಕೇ ಬೇಕು. ನನ್ನ ತಕರಾರು ಅದರಾಚೆಯದು. ನೆರಳನ್ನೆಲ್ಲ ಅಳಿಸಿ, ನೀಲಿಯನ್ನು ಗೋಡೆಗೆ ಹೊಡೆದ ಪೇಂಟ್ ಥರ ಮಾಡಿ, ಹಿಂದಿನ ಪೊದೆಯನ್ನೇ ಒರೆಸಿಹಾಕುತ್ತಾರೆ. ಈಗಿನ ಎಐ ತಂತ್ರಾಂಶಗಳಂತೂ ಕಾಳು ತೆಗೆಯಲು ಹೋಗಿ ಇರುವ ಗರಿಯನ್ನು ನುಣ್ಣಗೆ ಸವರಿ, ಇಲ್ಲದ ಗರಿಯನ್ನು ಊಹಿಸಿ ಬಿಡಿಸಿಬಿಡುತ್ತವೆ. ಇದು ಸುಮ್ನೆ ಅಂದಚಂದದ ಮಾತಲ್ಲ. ಚಳಿಗಾಲದಲ್ಲಿ ಬರುವ ಗ್ರೀನಿಶ್ ವಾರ್ಬ್ಲರ್‌ನ ರೆಕ್ಕೆಯಲ್ಲಿ ಒಂದು ತೆಳು ಗೆರೆ ಇರುತ್ತದೆ. ಅದನ್ನೇ ಹೋಲುವ ಹಕ್ಕಿಗಳ ನಡುವೆ ಗುರುತಿಸುವಾಗ ಆ ಗೆರೆಯನ್ನು ಹುಡುಕುತ್ತೇವೆ. ತಂತ್ರಾಂಶ ಅದನ್ನು ನುಂಗಿದರೆ ಆ ಫೋಟೋ ನಂಬಿ ಯಾರು ಏನು ಬರೆದುಕೊಳ್ಳಬೇಕು?

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ನೋಯಿಸುತ್ತದೆ. ಬೆಳಗುವ ಫೋಟೋನೇ ಅಚ್ಚಾಗುತ್ತದೆ ಅಂತ ಗೊತ್ತಾದ ಮೇಲೆ ಕೆಲವರು ಹಕ್ಕಿಯನ್ನೇ ಬೆಳಕಿಗೆ ಕರೆತರಲು ಹೊರಟಿದ್ದಾರೆ. ಒಂದು ಬೆಳಗ್ಗೆ ನನ್ನ ಕಣ್ಣೆದುರೇ ಬಿಸಿಲು ಬೀಳುವ ಕೊರಡಿನ ಮೇಲೆ ಹುಳ ಸುರಿದರು, ಮೊಬೈಲಿನಲ್ಲಿ ಅದೇ ಹಕ್ಕಿಯ ಕೂಗು ಹಾಕಿದರು, ಅದು ಪಾಪ ಬೇರೆ ಹಕ್ಕಿ ಬಂತೇನೋ ಅಂತ ಹೊರಗೆ ಬಂದು ಅತ್ತಿತ್ತ ನೋಡುತ್ತಿದ್ದಾಗ ಎರಡು ಕಡೆಯಿಂದ ಫ್ಲ್ಯಾಶ್ ಹೊಡೆದರು. ಪೊದೆಗೆ ನುಗ್ಗಿದ್ದು ಮತ್ತೆ ಅರ್ಧ ಗಂಟೆ ಹೊರಗೆ ಬರಲಿಲ್ಲ. ಬೇಡ ಅಂತ ಹೇಳಿದೆ, ಕೇಳಲಿಲ್ಲ. ಗೂಡಿನ ಹತ್ತಿರ ಹೋಗಿ ತೆಗೆಯುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ.

ನನ್ನ ತಂಗಿಯ ಮಗಳು ಪಿಯುಸಿ ಓದುತ್ತಿದ್ದಾಳೆ. ಕಳೆದ ಚಳಿಗಾಲದಲ್ಲಿ ಮೂರು ದಿನ ಕಾದು ಒಂದು ರಾಬಿನ್ ಫೋಟೋ ತೆಗೆದಳು. ಚಿತ್ರದ ಮುಕ್ಕಾಲು ಪಾಲು ಕತ್ತಲು, ತರಗೆಲೆಯ ಮೇಲೆ ಒಂದು ಬೆಳಕಿನ ಪಟ್ಟಿ, ಅದರ ಅಂಚಿಗೆ ಹಕ್ಕಿಯ ಬಿಳಿ ಹುಬ್ಬು. ಅಲ್ಲಿ ಕೂತು ನೋಡಿದವರಿಗೆ ಗೊತ್ತು, ಅದು ಹಾಗೇ ಇರುತ್ತದೆ. ಒಂದು ಸ್ಪರ್ಧೆಗೆ ಕಳಿಸಿದರೆ, ಡಲ್ ಆಗಿದೆ, ಬೆಳಕು ಎತ್ತಿ ಕಳಿಸಿ ಅಂದರು. ಎತ್ತಿ ನೋಡಿದಳು, ಅವಳಿಗೇ ಮನಸ್ಸು ಒಪ್ಪಲಿಲ್ಲ, ಕಳಿಸಲಿಲ್ಲ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಫೋಟೋದ ಕೆಳಗೆ ಊರಿನ ಜೊತೆ, ತೆಗೆದ ಹೊತ್ತು ಮತ್ತು ಕಂಪ್ಯೂಟರಿನಲ್ಲಿ ಏನು ಬದಲಾಯಿಸಿದರು ಎಂದು ಒಂದು ಸಾಲು ಹಾಕಿ. ಹುಳ, ಕೂಗು, ಫ್ಲ್ಯಾಶ್ ಬಳಸಿದ್ದನ್ನು, ಗೂಡಿನ ಫೋಟೋವನ್ನು ತೆಗೆದುಕೊಳ್ಳಬೇಡಿ. ಮಬ್ಬಾಗಿದೆ, ಕಾಳು ಕಾಣುತ್ತದೆ ಎನ್ನುವ ಒಂದೇ ಕಾರಣಕ್ಕೆ ಯಾವ ಫೋಟೋವನ್ನೂ ಪಕ್ಕಕ್ಕಿಡಬೇಡಿ. ಮುಂದಿನ ಚಳಿಗಾಲದ ಹಕ್ಕಿಗಳು ಬರುವ ಮೊದಲೇ ಇದನ್ನು ಪುರವಣಿಯಲ್ಲಿ ಪ್ರಕಟಿಸಿದರೆ, ಆ ಹುಡುಗಿಗೆ ತನ್ನ ಫೋಟೋ ಇದ್ದ ಹಾಗೇ ನಿಮಗೆ ಕಳಿಸು ಅಂತ ನಾನು ಹೇಳಬಹುದು.

ಇಂತಿ,
ಒಬ್ಬ ಓದುಗ, ಚಿಕ್ಕಬಳ್ಳಾಪುರ