ಘಾಟಿಯ ಕಸದ ಡಬ್ಬಗಳನ್ನು ಬದಲಿಸಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಕೇಳುತ್ತಿರುವುದು ಒಂದೇ. ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ಪ್ರವಾಸಿಗರು ನಿಲ್ಲುವ ಕಡೆಗಳಲ್ಲಿರುವ ಬಾಯ್ತೆರೆದ ಕಸದ ಡಬ್ಬಗಳನ್ನು ತೆಗೆಸಿ, ಪ್ರಾಣಿಗಳು ತೆರೆಯಲಾಗದ ಡಬ್ಬ ಹಾಕಿಸಿ, ದಿನವೂ ಕತ್ತಲಾಗುವ ಮೊದಲು ಖಾಲಿ ಮಾಡಿಸಿ.

1972ರ ವನ್ಯಜೀವಿ ಕಾಯ್ದೆ ತಮಗೆ ಗೊತ್ತು. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಪ್ರಾಣಿಗಳಿಂದ 20 ಮೀಟರಿಗಿಂತ ದೂರ ಇರಬೇಕು, ತಿನ್ನಲು ಕೊಡಬಾರದು ಎಂಬ 2012ರ ಮಾರ್ಗಸೂಚಿಯೂ ಗೊತ್ತು. ಆದರೆ ಕೈಯಿಂದ ಬಾಳೆಹಣ್ಣು ಕೊಟ್ಟವನಿಗೆ ದಂಡ ಹಾಕಿ, ಅದೇ ಜಾಗದಲ್ಲಿ ರಾತ್ರಿಯಿಡೀ ಅನ್ನ, ಚಿಪ್ಸ್, ಮೂಳೆ ತುಂಬಿದ ಡಬ್ಬ ತೆರೆದಿಟ್ಟರೆ ಅದೂ ತಿನ್ನಿಸಿದಂತೆಯೇ ಅಲ್ಲವೇ? ಇಲ್ಲಿ ತಿನ್ನಿಸುತ್ತಿರುವುದು ಸರ್ಕಾರ.

ಎರಡು ಕಂಬಗಳ ನಡುವೆ ತೂಗುವ ಹಸಿರು-ನೀಲಿ ಡಬ್ಬಗಳನ್ನೇ ನೋಡಿ. ಪೌರಕಾರ್ಮಿಕರು ವಾಲಿಸಿ ಖಾಲಿ ಮಾಡಲು ಸುಲಭವಾಗಲೆಂದು ಮಾಡಿದ ವಿನ್ಯಾಸ ಅದು, ಪೇಟೆಗೆ ಸರಿ. ಕಾಡಿನಲ್ಲಿ ಕಾಡುಹಂದಿ ಮೂತಿಯಿಂದ ಒಮ್ಮೆ ಎತ್ತಿದರೆ ಸಾಕು, ಎಲ್ಲವೂ ನೆಲಕ್ಕೆ. ಮಂಗನಿಗಂತೂ ಅಷ್ಟು ಶ್ರಮವೂ ಬೇಡ.

ಆಮೇಲೆ ಏನಾಗುತ್ತದೆ? ಕಡವೆ, ಕಾಟಿಯಂಥ ಮೆಲುಕು ಹಾಕುವ ಪ್ರಾಣಿಗಳು ಉಪ್ಪಿನ ರುಚಿಗೆ ಪ್ಲಾಸ್ಟಿಕ್ ಸಮೇತ ನುಂಗುತ್ತವೆ. ಅವುಗಳ ಹೊಟ್ಟೆಯ ಮೊದಲ ಭಾಗದಿಂದ ಮುಂದಕ್ಕೆ ಹೋಗುವ ದಾರಿ ಕಿರಿದು, ನುಣ್ಣಗೆ ಅರೆದದ್ದಷ್ಟೇ ದಾಟುತ್ತದೆ. ಪ್ಲಾಸ್ಟಿಕ್ ಅರೆಯುವುದಿಲ್ಲ, ದಾಟುವುದೂ ಇಲ್ಲ, ಉಂಡೆಗಟ್ಟಿ ಅಲ್ಲೇ ಉಳಿಯುತ್ತದೆ. ಹೊಟ್ಟೆ ತುಂಬಿರುವಾಗಲೇ ಪ್ರಾಣಿ ಹಸಿವಿನಿಂದ ಸಾಯುತ್ತದೆ. ಕಸಕ್ಕೆ ಬೀದಿನಾಯಿಗಳು ಸೇರುತ್ತವೆ, ನಾಯಿಗಳ ಹಿಂದೆ ಚಿರತೆ ಬರುತ್ತದೆ. ನಾಯಿಗಳ ಡಿಸ್ಟೆಂಪರ್ ರೋಗ ಸೀಳುನಾಯಿಗಳಿಗೂ ಹರಡಬಲ್ಲದು. ಮಂಗಗಳು ಕಾಡಿನ ಹಣ್ಣು ಬಿಟ್ಟು ರಸ್ತೆಯಂಚಿಗೆ ಬಂದು ಕೂರುತ್ತವೆ, ತಿರುವಿನಲ್ಲಿ ಚಕ್ರಕ್ಕೆ ಸಿಗುತ್ತವೆ.

2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಜೊತೆ ಸೆಲ್ಫಿಗೆಂದು ಹೋದವನನ್ನು ಆನೆ ಅಟ್ಟಿಸಿ ಕೆಡವಿತು. ಹೇಗೋ ಬದುಕಿಕೊಂಡ. ಇಲಾಖೆ 25,000 ರೂಪಾಯಿ ದಂಡ ಹಾಕಿತು. ದಂಡ ಸರಿ. ಆದರೆ ಆನೆ, ಮಂಗ, ಹಂದಿ ಯಾವುದೇ ಇರಲಿ, ರಸ್ತೆಯಂಚಿನಲ್ಲಿ ತಿಂಡಿ ಸಿಗುತ್ತದೆಂದು ಕಲಿತರೆ ಮನುಷ್ಯನ ಭಯ ಬಿಡುತ್ತದೆ. ಪ್ರತಿ ಬಾರಿ ದಂಡ ಹಾಕಿ ಸುದ್ದಿ ಮಾಡಿ ಸುಮ್ಮನಾಗುತ್ತೀರಿ, ಕಲಿಸುವ ಡಬ್ಬ ಮಾತ್ರ ಅಲ್ಲೇ ಇರುತ್ತದೆ. ಸಾಕಾಗಿದೆ, ಸ್ವಾಮಿ.

ಎಂಥ ಡಬ್ಬ ಬೇಕು ಎಂಬುದನ್ನು ಟೆಂಡರಿನಲ್ಲೇ ಬರೆಸಿ. ಮೈ 3 ಮಿಲಿಮೀಟರ್ ಉಕ್ಕಿನ ತಗಡು, ಸತುವಿನ ಲೇಪನ. ಬರೀ ಬಣ್ಣ ಬಳಿದರೆ ಘಟ್ಟದ ಮಳೆಗೆ ತುಕ್ಕು ಹಿಡಿದು ಮೊದಲು ಕೀಲುಗಳೇ ಕೈಕೊಡುತ್ತವೆ. ಮುಚ್ಚಳ ಇಳಿಜಾರಾಗಿರಲಿ, ಬಿಟ್ಟೊಡನೆ ತಾನೇ ಮುಚ್ಚಿಕೊಳ್ಳಲಿ. ಚಿಲಕ ಹೊರಗೆ ಕಾಣದಂತೆ ಮರೆಯೊಳಗಿರಲಿ: ಮನುಷ್ಯ ಕೈ ತೂರಿಸಿ, ಬೆರಳಿನಿಂದ ಮೇಲಕ್ಕೆ ಒತ್ತಿ, ಒತ್ತಿಕೊಂಡೇ ಮುಚ್ಚಳ ಎಳೆಯಬೇಕು. ಕರಡಿಯ ಪಂಜ, ಹಂದಿಯ ಮೂತಿ ಅಲ್ಲಿಗೆ ಹೋಗವು. ಮಂಗನ ಕೈ ಹೋಗುತ್ತದೆ, ಅದಕ್ಕೇ ಸ್ಪ್ರಿಂಗ್ ಬಿಗಿಯಾಗಿರಬೇಕು, ಮುಚ್ಚಳ ಭಾರವಿರಬೇಕು. ಖಾಲಿ ಮಾಡಲು ಮುಂಬದಿಯಲ್ಲಿ ಬೀಗದ ಬಾಗಿಲು, ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳು, ನಾಲ್ಕು ಮೂಲೆಗೂ ಕಾಂಕ್ರೀಟಿನಲ್ಲಿ ಹುಗಿದ ಬೋಲ್ಟು.

ಇಷ್ಟು ಮಾಡಿಯೂ ಸೋಲುವುದು ಒಂದೇ ಕಾರಣಕ್ಕೆ. ಡಬ್ಬ ತುಂಬಿ ತುಳುಕಿದರೆ ಮುಚ್ಚಳ ಕೂರುವುದಿಲ್ಲ. ಚೀಲವನ್ನು ಪಕ್ಕದಲ್ಲಿಟ್ಟು ಹೋಗುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಹಾಗಾಗಿ ವಾರಾಂತ್ಯ, ರಜಾದಿನಗಳಲ್ಲಿ ಎರಡು ಸಲ ಗಾಡಿ ಬರಲೇಬೇಕು, ಎರಡನೆಯದು ಸಂಜೆಗೆ. ಹಂದಿ, ಕಡವೆ, ಕರಡಿ ಹೊರಡುವುದು ಕತ್ತಲಲ್ಲಿ. ಬೆಳಗಿನ ಗಾಡಿ ಪೇಟೆಗೆ ಸರಿ, ಘಾಟಿಗೆ ತಡ. ಸ್ವಚ್ಛತಾ ಅಭಿಯಾನದ ಮೂಟೆಗಳಿಗೂ ಇದೇ ಮಾತು: ಫೋಟೊ ತೆಗೆದು ರಾತ್ರಿ ಅಲ್ಲೇ ಬಿಟ್ಟರೆ ಹೆಕ್ಕಿದ್ದೆಲ್ಲ ಮತ್ತೆ ಕಾಡಿಗೆ.

ಗಾಜಿನ ಬಾಟಲಿಗೂ ದಾರಿಯಿದೆ. ಪಕ್ಕದ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಮರಳಿಸುತ್ತಾರೆ. ಒಡೆದ ಗಾಜು ಆನೆಯ ಅಂಗಾಲನ್ನೂ ಸೀಳುತ್ತದೆ. ಇಲ್ಲಿ ಯಾಕಾಗದು?

ರಸ್ತೆ ಹೆದ್ದಾರಿಯವರದು, ಪಕ್ಕದ ಮರ ಅರಣ್ಯದವರದು, ಕಸ ಪಂಚಾಯಿತಿಯದು ಎಂಬ ಉತ್ತರ ದಯವಿಟ್ಟು ಬೇಡ. ಮೂವರನ್ನೂ ಒಂದೇ ಮೇಜಿನ ಮುಂದೆ ಕೂರಿಸುವ ಅಧಿಕಾರ ತಮಗಿದೆ.

ತೆರೆದ ಡಬ್ಬ ತೆಗೆಸಿ. ಮುಚ್ಚುವ ಡಬ್ಬ ಹಾಕಿಸಿ. ಕತ್ತಲಿಗೆ ಮುಂಚೆ ಖಾಲಿ ಮಾಡಿಸಿ. ಕಾಂಕ್ರೀಟು ಗಟ್ಟಿಯಾಗಲು ವಾರವಾದರೂ ಬೇಕು, ಜೂನ್ ಮಳೆ ಹಿಡಿದರೆ ಘಟ್ಟದಲ್ಲಿ ಆ ಕೆಲಸ ಆಗುವುದಿಲ್ಲ. ಆದ್ದರಿಂದ ಆದೇಶ ಬೇಸಿಗೆಯಲ್ಲೇ ಹೊರಡಲಿ, ಮೇ ಮುಗಿಯುವುದರೊಳಗೆ ಡಬ್ಬಗಳು ನೆಲದಲ್ಲಿ ನಿಂತಿರಲಿ.

ಇಂತಿ,
ಘಟ್ಟದ ಕಾಡು ಉಳಿಯಬೇಕೆನ್ನುವ ನಾಗರಿಕರು