ಬೆಲ್ ಆದ ಮೇಲೆ ಜಗಲಿಯಲ್ಲಿ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ "ಶಾಲೆಯೊಳಗೆ ಅಡಗಿ ಓಡಾಡುವ ಗೇಮಿನಲ್ಲಿ ಅಂಥದ್ದೇನಿದೆ ಮಾರಾಯ" ಅಂತ ಕೇಳಿದೆಯಲ್ಲ, ಅಷ್ಟರಲ್ಲಿ ಇಲ್ಲಿ ಕರೆಂಟೂ ಹೋಯಿತು ರೇಂಜೂ ಹೋಯಿತು. ನಮ್ಮ ಕಾಸರಗೋಡಿನ ಬದಿಯಡ್ಕದ ಮಳೆಗಾಲ ನಿನಗೆ ಗೊತ್ತಲ್ಲ. ಅದಕ್ಕೆ ಬರೆದೇ ಹೇಳುತ್ತೇನೆ. ಇಲ್ಲೇ ಹಾಕುತ್ತೇನೆ, ನಮ್ಮ ಕ್ಲಾಸಿನವರೂ ಓದಲಿ.

ನಾನು ಆಡುವುದು ಬಾಲ್ಡೀಸ್ ಬೇಸಿಕ್ಸ್. 2018ರಲ್ಲಿ ಬಂದದ್ದು. ದೊಡ್ಡ ಕಂಪೆನಿಯದ್ದಲ್ಲ, ಮಿಸ್ಟ್‌ಮ್ಯಾನ್12 ಅನ್ನುವ ಹೆಸರಿನವರು ಮಾಡಿದ್ದು. ಹಿಂದೆ ಸಿ.ಡಿ.ಯಲ್ಲಿ ಲೆಕ್ಕ ಕಲಿಸುವ ಗೇಮುಗಳು ಬರುತ್ತಿದ್ದವಲ್ಲ, ನೋಡಲಿಕ್ಕೆ ಹಾಗೇ, ಬೇಕಂತಲೇ ಒಡ್ಡೊಡ್ಡಾಗಿ ಇದೆ. ಏಳು ನೋಟ್‌ಬುಕ್ ಹುಡುಕಬೇಕು, ಒಂದೊಂದರಲ್ಲಿ ಮೂರು ಲೆಕ್ಕ. ಎರಡನೇ ಪುಸ್ತಕದಿಂದ ಮುಂದೆ ಮೂರನೇ ಲೆಕ್ಕ ಮಾತ್ರ ಯಾರಿಂದಲೂ ಬಿಡಿಸಲಿಕ್ಕೆ ಆಗದ್ದು, ಅಂಕೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ತಪ್ಪಿದ ಕೂಡಲೇ ಬಾಲ್ಡಿ ಮಾಷ್ಟ್ರು ಅಂಗೈಗೆ ಸ್ಕೇಲು ಬಡಿಯುತ್ತಾ ಹಿಂದೆ ಬೀಳುತ್ತಾರೆ. ಒಂದು ಏಟಿಗೆ ಒಂದು ಹೆಜ್ಜೆ. ನೀನು ಬಾಗಿಲು ತೆಗೆದರೆ ಅವರಿಗೆ ಕೇಳುತ್ತದೆ. ಓಡಿದರೆ ಹೆಡ್‌ಮಾಷ್ಟ್ರು ಹಿಡಿದು ಮೊದಲ ಸಲ 15 ಸೆಕೆಂಡು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಹೊರಗೆ ಸ್ಕೇಲಿನ ಶಬ್ದ ಹತ್ತಿರ ಬರುತ್ತಾ ಇರುವಾಗ ಆ 15 ಸೆಕೆಂಡು ಎಷ್ಟು ಉದ್ದ ಗೊತ್ತಾ!

ಬೇರೆ ಅಡಗುವ ಗೇಮುಗಳಲ್ಲಿ ಕೋಟೆಗೋ ಜೈಲಿಗೋ ನುಗ್ಗಬೇಕು, ಅಲ್ಲಿ ನಾವು ಮೊದಲಿನಿಂದಲೂ ಹೊರಗಿನವರು. ಶಾಲೆ ಹಾಗಲ್ಲ. ಅದು ನಮ್ಮದೇ ಜಾಗ. ಬೆಲ್ ಆಗುವ ಮೊದಲು ಜಗಲಿಯಲ್ಲಿ ನಿಂತರೆ ಯಾರೂ ಕೇಳುವುದಿಲ್ಲ, ಬೆಲ್ ಆಗಿ ಎರಡು ನಿಮಿಷ ಕಳೆದರೆ ಅದೇ ಕಂಬದ ಹತ್ತಿರ ಅದೇ ಹುಡುಗ ಕಳ್ಳ. ನನ್ನನ್ನು ಹಿಡಿದಿಟ್ಟದ್ದು ಇದೇ.

1984ರಲ್ಲೇ ಇದನ್ನು ಹಿಡಿದವರಿದ್ದಾರೆ. ಇಂಗ್ಲೆಂಡಿನ ಡೇವಿಡ್ ಮತ್ತು ಹೆಲೆನ್ ರೀಡಿ ಅನ್ನುವ ಗಂಡ-ಹೆಂಡತಿಯ ಪುಟ್ಟ ಕಂಪೆನಿ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ತಂದ ಸ್ಕೂಲ್ ಡೇಝ್. ಸ್ಟಾಫ್‌ರೂಮಿನ ತಿಜೋರಿಯಿಂದ ತನ್ನ ರಿಪೋರ್ಟ್ ಕಾರ್ಡ್ ಎಗರಿಸಲು ಹೊರಟ ಹುಡುಗನ ಕತೆ. ತಿಜೋರಿಯ ಗುಟ್ಟಿನ ಅಕ್ಷರ ಒಬ್ಬೊಬ್ಬ ಮಾಷ್ಟ್ರಿಗೆ ಒಂದೊಂದು ಗೊತ್ತು. ಬೆಲ್ ಆದಾಗ ಕ್ಲಾಸಿನಲ್ಲಿ ಇಲ್ಲದಿದ್ದರೆ ಇಂಪೊಸಿಷನ್, ಅಂದರೆ ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುವ ಶಿಕ್ಷೆ, ಹೌದು, ನಮ್ಮದೇ ಇಂಪೊಸಿಷನ್! ಅದು 10,000 ಸಾಲು ದಾಟಿದರೆ ಶಾಲೆಯಿಂದ ಹೊರಗೆ. ಅಲ್ಲಿ ಅಡಗುವುದು ಅಂದರೆ ಕತ್ತಲೆಯಲ್ಲಿ ಕೂರುವುದಲ್ಲ, ಬೆಂಚಿನಲ್ಲಿ ಎಲ್ಲರ ಹಾಗೆ ಕೂರುವುದು. ಎಷ್ಟು ಚಂದದ ಯೋಚನೆ ಅಲ್ವಾ?

ಆ ಸ್ಟಾಫ್‌ರೂಮ್ ನೋಡಿದಾಗ ನನಗೆ ಏಳನೇ ಕ್ಲಾಸು ನೆನಪಾಯಿತು. ಗಂಜಿ-ಪಯರು ಉಂಡು, ಬೆಲ್ ಆದ ಮೇಲೆ, ಮಲಯಾಳಂ ಡಿವಿಷನಿನ ಹಿಂದಿನಿಂದ ಸುತ್ತಿ ಬಂದು, ಲೆಕ್ಕದ ಪೇಪರಿನ ಕಟ್ಟಿನಲ್ಲಿ ನಮ್ಮ ಮಾರ್ಕು ನೋಡಲಿಕ್ಕೆ ಹೋದೆವಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ನಮ್ಮ ಸದ್ದು ಯಾರಿಗೂ ಕೇಳುವುದಿಲ್ಲ ಅಂತ ಧೈರ್ಯ. ಮಾಷ್ಟ್ರ ಚಪ್ಪಲಿಯ ಸದ್ದೂ ನಮಗೆ ಕೇಳುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ. ಬಾಗಿಲ ಹತ್ತಿರ ಇದ್ದ ನಾನು ನೆರಳು ನೋಡಿ ಓಡಿದೆ. ನೀನು ಒಳಗೆ ಸಿಕ್ಕಿಬಿದ್ದೆ.

ಬಾಲ್ಡಿಯ ಶಾಲೆಯ ಆ ಕೋಣೆಯಲ್ಲಿ ಕೂತಾಗಲೆಲ್ಲ ನೀನೇ ನೆನಪಾಗುತ್ತೀ. ನೀನು ಎರಡು ಪೀರಿಯಡ್ ಜಗಲಿಯಲ್ಲಿ ನಿಂತೆ, ನೂರು ಸಲ ಬರೆದೆ, ನನ್ನ ಹೆಸರು ಹೇಳಲಿಲ್ಲ. ನಾನು ಇಷ್ಟು ವರ್ಷ ಅದರ ಮಾತೇ ಎತ್ತಲಿಲ್ಲ.

ಓಣಂ ರಜೆಗೆ ಬಾ. ಲ್ಯಾಪ್‌ಟಾಪ್ ಇದೆ, ಒಳ್ಳೆಯ ಹೆಡ್‌ಫೋನೂ ಇದೆ. ಈ ಸಲ ಬಾಗಿಲ ಹತ್ತಿರ ನೀನು ನಿಲ್ಲು.

ನಿನ್ನ,
ಹಿಂದಿನ ಬೆಂಚಿನವ