ಮಗನಿಗೆ ಮನೆ ಮಾರಲು ಹೋಗಿ

ಮಾನ್ಯ ಸಂಪಾದಕರೇ,

ಮೈಸೂರಿನ ಕುವೆಂಪುನಗರದಲ್ಲಿ 1988ರಲ್ಲಿ ಕಟ್ಟಿಸಿದ ನಮ್ಮ ಮನೆಯನ್ನು ಮಗನಿಗೆ 20 ಲಕ್ಷಕ್ಕೆ ಮಾರಲು ಹೊರಟಿದ್ದೆ. ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ಬೆಲೆ 70 ಲಕ್ಷ. ಕ್ರಯಪತ್ರದಲ್ಲಿ 20 ಲಕ್ಷ ಎಂದು ಬರೆದರೂ ಬಂಡವಾಳ ಲಾಭದ ತೆರಿಗೆಗೆ, ಅಂದರೆ ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆಗೆ, ಆ 70 ಲಕ್ಷವೇ ಲೆಕ್ಕ. ಮುದ್ರಾಂಕ ಶುಲ್ಕ ಶೇ 5, ಅದೂ ಅಷ್ಟರ ಮೇಲೇ. ಕೈಗೆ ಬಾರದ ದುಡ್ಡಿಗೂ ತೆರಿಗೆ, ಅಲ್ವಾ!

ಮಗನಿಗೆ ದಾನಪತ್ರ ಮಾಡಿದರೆ ನಗರದಲ್ಲಿ ಮುದ್ರಾಂಕ ಶುಲ್ಕ 5 ಸಾವಿರ, ಜೊತೆಗೆ ಚಿಲ್ಲರೆ ಸೆಸ್. ದಾನಕ್ಕೆ ಆದಾಯ ತೆರಿಗೆ ಇಬ್ಬರಿಗೂ ಇಲ್ಲ. ಇದನ್ನು ಹೇಳಿದ್ದು ಆಡಿಟರ್. ಪತ್ರ ಬರೆಯುವವರು ಬಾಯೇ ಬಿಡಲಿಲ್ಲ.

ದಾನಪತ್ರದಲ್ಲಿ ಹೆತ್ತವರನ್ನು ನೋಡಿಕೊಳ್ಳಬೇಕೆಂಬ ಷರತ್ತು ಬರೆಸಿದ್ದರೆ, ಮಕ್ಕಳು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದಾನ ರದ್ದು ಮಾಡಿಸಬಹುದು. ಮಗ ಒಳ್ಳೆಯವನೇ. ಆದರೂ ಆ ಸಾಲು ಬರೆಸಿದೆ. ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಇಷ್ಟನ್ನು ಒಂದು ಬೋರ್ಡಿನ ಮೇಲೆ ಬರೆದು ಹಾಕಬಾರದೇ?

— ನಿವೃತ್ತ ಶಿಕ್ಷಕಿ, ಮೈಸೂರು